ಅಧ್ಯಕ್ಷೆಯ ತೀರ್ಮಾನ ಕೇಳಿಸಲಿ: ಪಂಚಾಯಿತಿ ಮಹಿಳೆಯರ ಬಗ್ಗೆ ರೇಡಿಯೊ ಕಾರ್ಯಕ್ರಮ ಮಾಡುವ ಬಗೆ

ಗ್ರಾಮ ಪಂಚಾಯಿತಿ ಅಧ್ಯಕ್ಷೆಯೊಬ್ಬರನ್ನು ಸ್ಟುಡಿಯೊಗೆ ಕರೆಸಿದಾಗ ಬಹಳ ಕಡೆ ಮೊದಲು ಬರುವ ಪ್ರಶ್ನೆ ಇದು: “ಮನೆ, ಮಕ್ಕಳು, ಪಂಚಾಯಿತಿ, ಎಲ್ಲಾ ಹೆಂಗೆ ನಿಭಾಯಿಸ್ತೀರಮ್ಮಾ?” ಅವರು ನಗುತ್ತಾರೆ, ಮನೆಯವರ ಸಹಕಾರ ಇದೆ ಅನ್ನುತ್ತಾರೆ, ಐದು ನಿಮಿಷ ಕಳೆದುಹೋಗುತ್ತದೆ. ಆಮೇಲೆ ಕುಡಿಯುವ ನೀರಿನ ವಿಷಯ ಬಂದಾಗ ಮೈಕು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಡೆಗೆ ತಿರುಗುತ್ತದೆ. ಕೇಳುಗರಿಗೆ ಕೊನೆಗೆ ಉಳಿಯುವ ಚಿತ್ರ: ಅಧ್ಯಕ್ಷೆ ಒಳ್ಳೆಯ ಹೆಣ್ಣುಮಗಳು, ಪಂಚಾಯಿತಿ ನಡೆಸುವವರು ಬೇರೆ ಯಾರೋ.

ಈ ಬರಹ ಸಮುದಾಯ ರೇಡಿಯೊದಲ್ಲಿ, ಅಂದರೆ ಸುತ್ತಲಿನ ಊರುಗಳಿಗಾಗಿಯೇ ನಡೆಯುವ ಸಣ್ಣ ಕೇಂದ್ರಗಳಲ್ಲಿ, ಕೆಲಸ ಮಾಡುವವರಿಗೆ, ಆಕಾಶವಾಣಿಗೆ ಹೊರಗಿನಿಂದ ಕಾರ್ಯಕ್ರಮ ಮಾಡಿಕೊಡುವವರಿಗೆ. ಅರ್ಧ ಗಂಟೆಯ ಒಂದು ಕಾರ್ಯಕ್ರಮದಲ್ಲಿ ಅಧ್ಯಕ್ಷೆ ತೆಗೆದುಕೊಂಡ ಒಂದು ತೀರ್ಮಾನವಾದರೂ ಅವರದೇ ಬಾಯಲ್ಲಿ, ಕಾರಣದ ಸಮೇತ, ಕೇಳುಗರಿಗೆ ಸಿಗಬೇಕು. ಕೆಳಗಿರುವುದೆಲ್ಲ ಅದಕ್ಕಾಗಿ.

ಕರ್ನಾಟಕದಲ್ಲಿ ಇದು ಹೊಸ ವಿಷಯವೇನಲ್ಲ. 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಅದರಡಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಲೋಕಸಭೆ, ವಿಧಾನಸಭೆಗಳಿಗೆ ಮೂರನೇ ಒಂದು ಭಾಗ ಮೀಸಲಿಡುವ 106ನೇ ತಿದ್ದುಪಡಿ ಆದದ್ದು 2023ರಲ್ಲಿ. ಅಂದರೆ ಹಳ್ಳಿಯ ಹೆಣ್ಣುಮಕ್ಕಳು ದಿಲ್ಲಿಗಿಂತ ಎಷ್ಟೋ ವರ್ಷ ಮೊದಲೇ ಅಧಿಕಾರದ ಕುರ್ಚಿಯಲ್ಲಿ ಕೂತಿದ್ದಾರೆ. ರೇಡಿಯೊ ಮಾತ್ರ ಇನ್ನೂ “ಹೆಣ್ಣಾದರೂ ಅಧ್ಯಕ್ಷೆಯಾದಳು” ಎಂಬ ಅಚ್ಚರಿಯಲ್ಲೇ ನಿಂತಿದೆ.

ಮೊದಲು ಎಣಿಸಿ

ಹೊಸ ಕಾರ್ಯಕ್ರಮ ಮಾಡುವ ಮುಂಚೆ ನಿಮ್ಮ ಕೇಂದ್ರದ ಕಳೆದ ಏಳು ದಿನದ ಪ್ರಸಾರ ತೆಗೆದು ಕೇಳಿ. ಸಮುದಾಯ ರೇಡಿಯೊ ಕೇಂದ್ರಗಳು ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಕಾದಿಡಲೇಬೇಕೆಂಬ ನಿಯಮ ಇರುವುದರಿಂದ ಧ್ವನಿಮುದ್ರಿಕೆ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಒಂದು ನೋಟ್‌ಬುಕ್ಕು, ಮೊಬೈಲಿನ ಸ್ಟಾಪ್‌ವಾಚು ಸಾಕು. ಪ್ರತಿ ದನಿಗೆ ಒಂದು ಸಾಲು ಬರೆಯಿರಿ: ಹೆಣ್ಣೋ ಗಂಡೋ, ಎಷ್ಟು ಸೆಕೆಂಡು ಮಾತಾಡಿದರು, ಯಾವ ಹೊಣೆಯಲ್ಲಿ ಮಾತಾಡಿದರು.

ಈ ಮೂರನೆಯ ಕಾಲಂ ಮುಖ್ಯ. 1995ರಿಂದ ಐದು ವರ್ಷಕ್ಕೊಮ್ಮೆ ಹಲವು ದೇಶಗಳ ಪತ್ರಿಕೆ, ರೇಡಿಯೊ, ಟಿವಿಗಳನ್ನು ಒಂದೇ ದಿನ ಎಣಿಸುವ ಜಾಗತಿಕ ಮಾಧ್ಯಮ ಅವಲೋಕನ ಯೋಜನೆ ಬಳಸುವ ವಿಂಗಡಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಸುದ್ದಿಯ ವಿಷಯವಾದವರು, ಸಂಸ್ಥೆಯ ಪರ ಮಾತಾಡುವವರು, ತಜ್ಞರು, ಸ್ವಂತ ಅನುಭವ ಹೇಳುವವರು, ಕಣ್ಣಾರೆ ಕಂಡವರು, ಜನರ ಅಭಿಪ್ರಾಯ ಹೇಳುವವರು. ಆ ಎಣಿಕೆಯಲ್ಲಿ 1995ರಲ್ಲಿ ಸುದ್ದಿಯಲ್ಲಿ ಕಾಣಿಸಿಕೊಂಡವರಲ್ಲಿ ಹೆಣ್ಣುಮಕ್ಕಳು ಶೇ 17, 2020ರಲ್ಲಿ ಶೇ 25. ಇಪ್ಪತ್ತೈದು ವರ್ಷಕ್ಕೆ ಎಂಟೇ ಅಂಕ. ನಿಮ್ಮ ಕೇಂದ್ರದ್ದು ಎಷ್ಟು ಎಂದು ನೀವೇ ಎಣಿಸಿದರೆ ತಂಡದಲ್ಲಿ ವಾದಕ್ಕೆ ಜಾಗ ಉಳಿಯುವುದಿಲ್ಲ.

ಎಣಿಸುವಾಗ ಒಂದು ಕಡೆ ಎಡವುತ್ತಾರೆ. ಕಾರ್ಯಕ್ರಮವೊಂದರಲ್ಲಿ ಒಟ್ಟು ಮಾತು 1,440 ಸೆಕೆಂಡು ಎಂದಿಟ್ಟುಕೊಳ್ಳಿ: ನಿರೂಪಕಿ 430, ಪಿಡಿಒ 390, ವೈದ್ಯರು 290, ಅಧ್ಯಕ್ಷೆ 210, ಊರಿನ ಇಬ್ಬರು ಹೆಂಗಸರು ಸೇರಿ 120. ಪಿಡಿಒ, ವೈದ್ಯರು ಇಬ್ಬರೂ ಗಂಡಸರು. ಕೂಡಿ ನೋಡಿದರೆ ಹೆಣ್ಣುದನಿ ಶೇ 53, ಎಲ್ಲ ಸರಿಯಿದೆ ಅನಿಸುತ್ತದೆ. ನಿರೂಪಕಿಯ 430 ಸೆಕೆಂಡು ತೆಗೆದು ಅತಿಥಿಗಳನ್ನಷ್ಟೇ ಲೆಕ್ಕ ಹಾಕಿ: 1,010ರಲ್ಲಿ 330, ಅಂದರೆ ಶೇ 33. ಅದರಲ್ಲಿ ಅಧ್ಯಕ್ಷೆಯ ಪಾಲು ಶೇ 21 ಮಾತ್ರ, ಪಿಡಿಒ ಪಾಲು ಶೇ 39. ಹಾಗಾಗಿ ನಿರೂಪಣೆಯ ದನಿಯನ್ನು ಯಾವಾಗಲೂ ಬೇರೆ ಇಡಿ.

ಇನ್ನೂ ಎರಡು ಅಂಕಿ ಬರೆದುಕೊಳ್ಳಿ. ಒಬ್ಬೊಬ್ಬರೂ ತಡೆಯಿಲ್ಲದೆ ಆಡಿದ ಅತಿ ಉದ್ದದ ಮಾತು ಎಷ್ಟು ಸೆಕೆಂಡಿನದು? ಎಷ್ಟು ಸಲ ಮಧ್ಯೆ ಬಾಯಿ ಹಾಕಲಾಯಿತು? ಒಟ್ಟು ಸಮಯ ಸಮನಾಗಿದ್ದರೂ ಅಧ್ಯಕ್ಷೆಯದು ಇಪ್ಪತ್ತು ಸೆಕೆಂಡಿನ ಹದಿನೆಂಟು ತುಂಡು, ಪಿಡಿಒದು ತೊಂಬತ್ತು ಸೆಕೆಂಡಿನ ನಾಲ್ಕು ವಿವರಣೆ ಆಗಿದ್ದರೆ, ಯಾರಿಗೆ ವಿಷಯ ಗೊತ್ತಿದೆ ಎಂದು ಕೇಳುಗರು ತಾವಾಗಿಯೇ ತೀರ್ಮಾನಿಸಿಬಿಡುತ್ತಾರೆ.

ಹೋಗುವ ಮುಂಚೆ ಕಾಗದ ಓದಿ

ಒಳ್ಳೆಯ ಪ್ರಶ್ನೆ ಹುಟ್ಟುವುದು ಪಂಚಾಯಿತಿಯ ಕಡತದಿಂದ. ಮೂರು ಕಾಗದ ನೋಡಿ: ಕಳೆದ ಎರಡು ಮೂರು ಸಾಮಾನ್ಯ ಸಭೆಗಳ ನಡಾವಳಿ, ಈ ವರ್ಷದ ಕ್ರಿಯಾಯೋಜನೆ, ತೆರಿಗೆ ಬೇಡಿಕೆ–ವಸೂಲಿ ಲೆಕ್ಕ. ಕೇಳಿದ ಕೂಡಲೇ ಸಿಗದಿದ್ದರೆ ಅಧ್ಯಕ್ಷೆಯವರನ್ನೇ ಕೇಳಿ. ಅವರು ಪಿಡಿಒಗೆ ಹೇಳಿ ಕೊಡಿಸುತ್ತಾರೋ ಇಲ್ಲವೋ ಎಂಬುದೂ ನಿಮಗೆ ಒಂದು ಮಾಹಿತಿ.

ನಡಾವಳಿಯಲ್ಲಿ ಹುಡುಕಬೇಕಾದ್ದು ಜಗಳ. ಯಾವ ವಿಷಯ ಮುಂದಿನ ಸಭೆಗೆ ಹೋಯಿತು, ಯಾವುದಕ್ಕೆ ಆಕ್ಷೇಪ ಬಂತು, ಎಲ್ಲಿ ತೀರ್ಮಾನ ಬದಲಾಯಿತು. ಅಧ್ಯಕ್ಷೆ ಅಲ್ಲಿ ಏನು ಮಾಡಿದರು ಎಂಬುದೇ ನಿಮ್ಮ ಕಾರ್ಯಕ್ರಮದ ಬೆನ್ನೆಲುಬು. ಕ್ರಿಯಾಯೋಜನೆ ಓದುವಾಗ ಹಣದ ಸ್ವರೂಪ ಗೊತ್ತಿರಲಿ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕೆಂಬ ಕಟ್ಟು ಇತ್ತು. ಇದು ತಿಳಿಯದೆ “ರಸ್ತೆ ಯಾಕೆ ಮಾಡಿಸಲಿಲ್ಲ” ಎಂದು ಕೇಳಿದರೆ ಅವರ ಕೈಯಲ್ಲಿ ಇಲ್ಲದ್ದಕ್ಕೆ ಅವರನ್ನು ಹೊಣೆ ಮಾಡಿದಂತಾಗುತ್ತದೆ. “ಕಟ್ಟಿಲ್ಲದ ಉಳಿದ ಹಣವನ್ನು ಯಾವ ವಾರ್ಡಿಗೆ ಕೊಟ್ಟಿರಿ, ಯಾಕೆ?” ಎಂದು ಕೇಳಿ. ಅಲ್ಲಿ ಅವರ ತೀರ್ಮಾನ ಇದೆ.

ಅಧ್ಯಕ್ಷ ಸ್ಥಾನದ ಅವಧಿ ಈಗ 30 ತಿಂಗಳು. ಎಷ್ಟನೆಯ ತಿಂಗಳಲ್ಲಿ ಇದ್ದಾರೆ ಎಂದು ನೋಡಿಕೊಂಡು ಹೋಗಿ. ಮೂರನೆಯ ತಿಂಗಳಲ್ಲಿ ಇರುವವರ ಹತ್ತಿರ ಸಾಧನೆ ಕೇಳುವುದು, ಇಪ್ಪತ್ತೆಂಟನೆಯ ತಿಂಗಳಲ್ಲಿ ಇರುವವರ ಹತ್ತಿರ ಕನಸು ಕೇಳುವುದು ಎರಡೂ ಸಲ್ಲದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಹಾಗಾಗಿ ನಿರೂಪಣೆಯಲ್ಲಿ ಅವರಿಗೆ ಪಕ್ಷದ ಹೆಸರು ಅಂಟಿಸಬೇಡಿ.

“ಮೀಸಲಾತಿಯಿಂದ ಬಂದವರು” ಎಂಬ ಪರಿಚಯವನ್ನೂ ಬಿಡಿ. ಮೀಸಲಾತಿ ಆ ಸಲದ ಸ್ಥಾನಕ್ಕೆ ಹಾಕಿದ ನಿಯಮ. ಅದನ್ನು ಅವರ ಹೆಸರಿನ ಹಿಂದೆ ಸಿಕ್ಕಿಸಿದರೆ ಕೇಳುಗರ ಕಿವಿಗೆ ಅದು ಅವರ ಗುಣವಾಗಿ ಬೀಳುತ್ತದೆ.

ಗಂಡ ಪಕ್ಕದಲ್ಲಿ ಕೂತಾಗ

ಇದಕ್ಕೆ ತಯಾರಿ ಇಲ್ಲದೆ ಹೋದರೆ ಕಾರ್ಯಕ್ರಮ ಕೈತಪ್ಪುತ್ತದೆ. ನೀವು ಫೋನ್ ಮಾಡುತ್ತೀರಿ, ಗಂಡ ಎತ್ತುತ್ತಾರೆ, “ಬನ್ನಿ, ನಾನೇ ಹೇಳ್ತೀನಿ” ಅನ್ನುತ್ತಾರೆ. ಹೋದ ಮೇಲೆ ಅಧ್ಯಕ್ಷೆ ಕಾಫಿ ತಂದು ಕೊಟ್ಟು ಬಾಗಿಲ ಹತ್ತಿರ ನಿಲ್ಲುತ್ತಾರೆ.

ಇಬ್ಬರು ಹೋಗಿ. ಒಬ್ಬರು ಸಂದರ್ಶನಕ್ಕೆ, ಇನ್ನೊಬ್ಬರು ಸುತ್ತಲಿನ ಶಬ್ದ ಹಿಡಿಯಲು. ಎರಡನೆಯವರು ಗಂಡನಿಗೆ, “ಅಣ್ಣಾ, ನೀರಿನ ಟ್ಯಾಂಕು ಎಲ್ಲಿದೆ ತೋರಿಸ್ತೀರಾ, ಅಲ್ಲಿನ ಸದ್ದು ರೆಕಾರ್ಡ್ ಮಾಡ್ಕೋಬೇಕು” ಎಂದು ಕೇಳಿಕೊಂಡು ಹೊರಗೆ ಹೋಗಲಿ. ಇದು ನೆಪವಾಗಬಾರದು. ಟ್ಯಾಂಕಿನ ಸದ್ದು, ಪಂಪಿನ ಸದ್ದು ಕಾರ್ಯಕ್ರಮಕ್ಕೆ ನಿಜವಾಗಿ ಬೇಕು. ಗಂಡನ ಎರಡು ಮಾತನ್ನೂ ಅಲ್ಲೇ ಹಿಡಿದುಕೊಳ್ಳಲಿ, ಊರಿನವರೊಬ್ಬರ ಅಭಿಪ್ರಾಯವಾಗಿ. ಆ ಇಪ್ಪತ್ತು ನಿಮಿಷದಲ್ಲಿ ಒಳಗೆ ಸಂದರ್ಶನ ಮುಗಿಯಬೇಕು.

ಹಾಗೂ ಅವರು ಏಳದಿದ್ದರೆ ಕುರ್ಚಿಯ ಜಾಗ ಬದಲಿಸಿ. ಅಧ್ಯಕ್ಷೆಯ ಕಣ್ಣಿಗೆ ಗಂಡ ಕಾಣದ ಹಾಗೆ, ನೀವು ಇಬ್ಬರ ನಡುವೆ ಬರುವ ಹಾಗೆ ಕೂತುಕೊಳ್ಳಿ. ಉತ್ತರ ಪಕ್ಕದಿಂದ ಬಂದರೆ ಮೈಕು ಅತ್ತ ತಿರುಗಿಸಲೇಬೇಡಿ. ಮೈಕು ಎಲ್ಲಿದೆಯೋ ಅಲ್ಲೇ ಇರಲಿ, “ಸರಿ ಅಣ್ಣಾ. ಅಧ್ಯಕ್ಷರೇ, ನೀವೇನಂತೀರಿ?” ಎಂದು ಮತ್ತೆ ಕೇಳಿ. ಎರಡು ಸಲ ಹೀಗಾದರೆ ಮೂರನೆಯ ಸಲ ಅವರೇ ಸುಮ್ಮನಾಗುತ್ತಾರೆ. ಪಿಡಿಒ ಎದುರು ಕೂತಾಗಲೂ ಇದೇ ಉಪಾಯ.

ಇದನ್ನೇ ಪ್ರಸಾರದಲ್ಲಿ ಬಯಲು ಮಾಡಿ ಅಧ್ಯಕ್ಷೆಯನ್ನು ತಲೆತಗ್ಗಿಸುವಂತೆ ಮಾಡಬಾರದು. “ನಿಮ್ಮ ಗಂಡನೇ ಆಡಳಿತ ನಡೆಸ್ತಾರಂತೆ, ಹೌದಾ?” ಎಂದು ಮೈಕಿನಲ್ಲಿ ಕೇಳಿದರೆ ಅವರು ಇಲ್ಲ ಅನ್ನದೆ ಬೇರೆ ದಾರಿಯಿಲ್ಲ. ಮನೆಗೆ ಹೋದ ಮೇಲೆ ಅದರ ಬೆಲೆ ತೆರುವವರೂ ಅವರೇ. ವ್ಯವಸ್ಥೆಯ ಬಗ್ಗೆ ಕೇಳಿ: “ಸಹಿಗೆ ಬರೋ ಕಡತವನ್ನ ನಿಮಗೆ ಯಾರು ಓದಿ ವಿವರಿಸ್ತಾರೆ?” “ಗೊತ್ತಾಗದ ಕಾಗದಕ್ಕೆ ಸಹಿ ಹಾಕಲ್ಲ ಅಂತ ಯಾವತ್ತಾದರೂ ವಾಪಸ್ ಕಳಿಸಿದ್ದೀರಾ?” ಈ ಎರಡನೆಯ ಪ್ರಶ್ನೆಗೆ ಬರುವ ಉತ್ತರ ಹಲವು ಸಲ ಇಡೀ ಕಾರ್ಯಕ್ರಮಕ್ಕೆ ಆಧಾರವಾಗುತ್ತದೆ.

ಪ್ರಶ್ನೆ ತಿದ್ದುವುದು

ಬರೆದ ಪ್ರತಿ ಪ್ರಶ್ನೆಯ ಎದುರು ಒಂದು ಮಾತು ಕೇಳಿಕೊಳ್ಳಿ: ಗಂಡಸು ಅಧ್ಯಕ್ಷರಿಗೆ ಇದನ್ನು ಕೇಳುತ್ತಿದ್ದೆನಾ? ಇಲ್ಲ ಅನಿಸಿದರೆ ಹೊಡೆದುಹಾಕಿ, ಇಲ್ಲವೇ ತಿರುವಿ ಬರೆಯಿರಿ. ಮನೆಗೆಲಸದ ಹೊರೆ ಸುಳ್ಳಲ್ಲ, ಅದನ್ನು ಮರೆಮಾಚಬೇಕಿಲ್ಲ. ಆದರೆ ಅದನ್ನು ಅವರ ತಾಳ್ಮೆಯ ಪರೀಕ್ಷೆ ಮಾಡಬೇಡಿ. “ಹೇಗೆ ನಿಭಾಯಿಸ್ತೀರಿ” ಎಂಬುದನ್ನು “ಸಭೆಯನ್ನ ಎಷ್ಟು ಗಂಟೆಗೆ ಇಡ್ತೀರಿ, ಆ ಹೊತ್ತಿಗೆ ಹೆಣ್ಣುಮಕ್ಕಳು ಬರೋಕೆ ಆಗುತ್ತಾ?” ಎಂದು ಮಾಡಿ. ಅದೇ ಹೊರೆ, ಈಗ ಆಡಳಿತದ ವಿಷಯವಾಯಿತು.

“ಮಹಿಳೆಯರಿಗೆ ಏನು ಸಂದೇಶ ಕೊಡ್ತೀರಿ?” ಎಂಬುದನ್ನು ಪೂರ್ತಿ ಬಿಡಿ. ಅದಕ್ಕೆ ಬರುವ ಉತ್ತರ ಎಲ್ಲ ಊರಿನಲ್ಲೂ ಒಂದೇ. “ಕೂಸಿನ ಮನೆಗೆ ಎಷ್ಟು ಮಕ್ಕಳು ಬರ್ತಾ ಇದಾರೆ, ಕಡಿಮೆ ಇದ್ರೆ ಯಾಕೆ?” ಎಂದು ಕೇಳಿ (ಕೂಸಿನ ಮನೆ ಅಂದರೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ). “ಕಸದ ಗಾಡಿ ಓಡಿಸೋಕೆ ಹೆಣ್ಣುಮಕ್ಕಳನ್ನ ತಗೊಂಡಾಗ ಸದಸ್ಯರು ಏನಂದ್ರು?” ಎಂದು ಕೇಳಿ. “ತೆರಿಗೆ ಬಾಕಿ ಉಳಿಸಿಕೊಂಡಿರೋ ದೊಡ್ಡ ಮನೆಯವರ ಹತ್ರ ವಸೂಲಿಗೆ ಯಾರು ಹೋದ್ರು?” ಎಂದು ಕೇಳಿ. ಊರಿನಲ್ಲಿ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದು ಈ ಕೊನೆಯ ಪ್ರಶ್ನೆಯೊಂದರಲ್ಲೇ ಹೊರಬರುತ್ತದೆ.

ಕಠಿಣ ಪ್ರಶ್ನೆ ಬಿಡಬೇಡಿ. ಹೆಣ್ಣುಮಗಳು ಎಂದು ಮೆತ್ತಗೆ ಕೇಳುವುದೂ ಅವರನ್ನು ಕೆಳಗಿಡುವ ಬಗೆಯೇ. ಟೆಂಡರು ತಡವಾಗಿದ್ದರೆ, ಒಂದೇ ಬೀದಿಗೆ ಎರಡು ಸಲ ಚರಂಡಿ ಮಾಡಿಸಿದ್ದರೆ ಅದನ್ನೂ ಕೇಳಿ, ಉತ್ತರಿಸಲು ಪೂರ್ತಿ ಸಮಯ ಕೊಡಿ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಎಂಟು ಪ್ರಶ್ನೆ ಬಹಳವಾಯಿತು. ಐದು ಇಟ್ಟುಕೊಂಡು, ಪ್ರತಿಯೊಂದಕ್ಕೂ “ಯಾಕೆ?” ಮತ್ತು “ಆಮೇಲೆ?” ಎಂಬ ಎರಡು ಉಪಪ್ರಶ್ನೆಗಳಿಗೆ ಜಾಗ ಬಿಡಿ.

ಮೈಕು, ದನಿ

“ಹೆಂಗಸರ ದನಿ ರೇಡಿಯೊದಲ್ಲಿ ಕೀರಲು ಕೇಳಿಸುತ್ತೆ” ಎಂಬ ದೂರು ರೇಡಿಯೊ ಹುಟ್ಟಿದಾಗಿನಿಂದ ಇದೆ. ಬಿಬಿಸಿ 1946ರಲ್ಲಿ ಹೆಂಗಸರಿಗೆಂದೇ ದಿನನಿತ್ಯದ ಕಾರ್ಯಕ್ರಮ ಶುರುಮಾಡಿದಾಗ ಅದರ ಮೊದಲ ನಿರೂಪಕ ಗಂಡಸು! ದೋಷದ ದೊಡ್ಡ ಪಾಲು ಯಂತ್ರದ್ದು ಮತ್ತು ಅದನ್ನು ಹೊಂದಿಸುವ ಕೈಯದು.

ಮೈಕನ್ನು ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರ ಇಡಿ, ಅಂದರೆ ಸುಮಾರು ಒಂದು ಗೇಣು. ನೇರ ಬಾಯಿಗೆ ಹಿಡಿಯದೆ ಗಲ್ಲದ ಕಡೆಯಿಂದ ಸ್ವಲ್ಪ ಓರೆಯಾಗಿ ಹಿಡಿದರೆ “ಸ”, “ಶ” ಚುಚ್ಚುವುದಿಲ್ಲ, “ಪ”, “ಬ” ಉಸಿರು ಬಡಿಯುವುದಿಲ್ಲ. ಮೀಟರಿನ ಏರಿಳಿತದ ತುದಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಗಂಡಸಿನ ದನಿಗೆ ಹೊಂದಿಸಿದ ಲೆವೆಲ್ ಹಾಗೇ ಬಿಟ್ಟು ಮೈಕನ್ನು ಅಧ್ಯಕ್ಷೆಗೆ ಕೊಡುವುದು ಸಾಮಾನ್ಯ ತಪ್ಪು. ಅವರು ಮೆಲ್ಲಗೆ ಮಾತಾಡಿದರೆ ದನಿ ಹಿಂದೆ ಸರಿಯುತ್ತದೆ, ಎಡಿಟಿಂಗ್‌ನಲ್ಲಿ ಏರಿಸಿದಾಗ ಫ್ಯಾನಿನ ಸದ್ದೂ ಜೊತೆಗೇ ಏರುತ್ತದೆ. ಪ್ರತಿಯೊಬ್ಬರಿಗೂ ಅರ್ಧ ನಿಮಿಷ ಮಾತಾಡಿಸಿ ಲೆವೆಲ್ ಹೊಸದಾಗಿ ಹಿಡಿಯಿರಿ. ಪರೀಕ್ಷೆಗೆ “ಹಲೋ ಹಲೋ” ಬೇಡ. ಬೆಳಿಗ್ಗೆಯಿಂದ ಏನೇನು ಕೆಲಸ ಮಾಡಿದಿರಿ ಎಂದು ಕೇಳಿದರೆ ಸಹಜ ದನಿ ಬರುತ್ತದೆ.

ಹೆಣ್ಣುದನಿಯ ಮೂಲ ಕಂಪನ ಸುಮಾರು 165ರಿಂದ 255 ಹರ್ಟ್ಸ್, ಗಂಡುದನಿಯದು 85ರಿಂದ 155. ಆದ್ದರಿಂದ 80–100 ಹರ್ಟ್ಸ್ ಕೆಳಗಿನ ಗುಡುಗು ಸದ್ದನ್ನು ಕತ್ತರಿಸಿದರೆ ಹೆಣ್ಣುದನಿಗೆ ನಷ್ಟವಿಲ್ಲ. ಕೆಲವರು ಗಂಡುದನಿಗೆ “ಸ್ಪಷ್ಟತೆ” ಬರಲೆಂದು 3ರಿಂದ 5 ಕಿಲೋಹರ್ಟ್ಸ್ ಏರಿಸಿ, ಅದನ್ನೇ ಕೇಂದ್ರದ ಸಿದ್ಧ ಸೆಟ್ಟಿಂಗ್ ಮಾಡಿಟ್ಟಿರುತ್ತಾರೆ. ಅದೇ ಹೆಣ್ಣುದನಿಯನ್ನು ಕೀರಲು ಮಾಡುವುದು. ಆ ಏರಿಕೆ ತೆಗೆದು, ಚುಚ್ಚುವ “ಸ” ಇನ್ನೂ ಇದ್ದರೆ 5ರಿಂದ 8 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡೆಸಿಬಲ್ ಇಳಿಸಿ ನೋಡಿ.

ಸಾಮಾನ್ಯ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್ ಒಳಗಿನದನ್ನಷ್ಟೇ ದಾಟಿಸುತ್ತದೆ. ಹೆಣ್ಣುದನಿಯ ಮೂಲ ಕಂಪನವೂ “ಸ”, “ಶ”ಗಳ ತುದಿಯೂ ಎರಡೂ ಕಡಿದುಹೋಗಿ ತೆಳ್ಳಗೆ ಕೇಳಿಸುತ್ತದೆ. ಫೋನ್‌ನಲ್ಲೇ ಮಾತು ಹಿಡಿಯಬೇಕಾದರೆ ಅಧ್ಯಕ್ಷೆ ತಮ್ಮ ಮೊಬೈಲಿನಲ್ಲೇ ಮಾತು ಮುದ್ರಿಸಿ ವಾಟ್ಸಾಪಿನಲ್ಲಿ ಕಳಿಸಲಿ. ನೇರ ಕರೆಗಿಂತ ಅದು ಎಷ್ಟೋ ತುಂಬಿದ ದನಿ. ಕಿಟಕಿ ಮುಚ್ಚಿ, ಬಟ್ಟೆ ತೂಗುಹಾಕಿದ ಕೋಣೆಯಲ್ಲಿ, ಫೋನನ್ನು ಕೈಯಲ್ಲಿ ಆಡಿಸದೆ ಮುದ್ರಿಸಲು ಹೇಳಿ.

ಕನ್ನಡ ಎಲ್ಲಿ ಕೈಕೊಡುತ್ತದೆ

ನಮ್ಮ ಭಾಷೆಯಲ್ಲೇ ಹೆಣ್ಣನ್ನು ಹಿಂದೆ ತಳ್ಳುವ ಜಾಡುಗಳಿವೆ, ಸ್ಕ್ರಿಪ್ಟ್ ಬರೆಯುವಾಗ ಕಾಲು ತಾನಾಗಿ ಅದರಲ್ಲೇ ಹೋಗುತ್ತದೆ.

“ಗಂಡನಿಂದ ಏಟು ತಿಂದಳು” ಎಂಬ ವಾಕ್ಯ ನೋಡಿ. ಹೊಡೆದವನು “ಇಂದ” ಪ್ರತ್ಯಯದ ಮೂಲೆಗೆ ಹೋದ, ವಾಕ್ಯದ ಕ್ರಿಯೆಯೆಲ್ಲ ಅವಳ ಹೆಗಲಿಗೆ ಬಂತು, ಅವಳೇ ಏನೋ ಮಾಡಿದ ಹಾಗೆ. “ಗಂಡ ಹೊಡೆದ” ಎನ್ನಿ. “ಮಾನಭಂಗವಾಯಿತು”, “ಶೀಲ ಹಾಳಾಯಿತು” ಎಂಬಲ್ಲಿ ಅಪರಾಧಿಯೂ ಇಲ್ಲ, ಅಪರಾಧವೂ ಇಲ್ಲ, ಹೋದದ್ದು ಅವಳ ಮಾನ ಮಾತ್ರ. “ಅತ್ಯಾಚಾರ ಮಾಡಿದ ಆರೋಪ ಇಂಥವನ ಮೇಲಿದೆ” ಎನ್ನಿ. ಬಸ್ಸಿನಲ್ಲಿ, ಕಾಲೇಜಿನ ಹಾದಿಯಲ್ಲಿ ಹಿಂಸಿಸುವುದಕ್ಕೆ “ಚುಡಾಯಿಸುವುದು” ಎಂಬ ಆಟದ ಪದ ಬೇಡ, “ಲೈಂಗಿಕ ಕಿರುಕುಳ” ಎನ್ನಿ. ಮುಟ್ಟಿನ ಬಗ್ಗೆ ಮಾತಾಡುವಾಗ “ಹೊರಗಾಗುವುದು”, “ಆ ದಿನಗಳು” ಬೇಡ. ಪದವೇ ಮುಟ್ಟು. ಎರಡು ಸಲ ಪ್ರಸಾರದಲ್ಲಿ ಕೇಳಿದ ಮೇಲೆ ಯಾರಿಗೂ ಮುಜುಗರ ಉಳಿಯುವುದಿಲ್ಲ.

ಸಂಬೋಧನೆಯಲ್ಲಿ ಇನ್ನೂ ಎಚ್ಚರ ಬೇಕು. ಪಿಡಿಒ “ಸರ್”, ವೈದ್ಯರು “ಡಾಕ್ಟ್ರೇ”, ಅಧ್ಯಕ್ಷೆ “ಅಮ್ಮಾ” ಅಥವಾ “ಅಕ್ಕಾ”. ಅಕ್ಕ ಅನ್ನುವುದರಲ್ಲಿ ಪ್ರೀತಿ ಇದೆ, ಮಾತು ಸಡಿಲಾಗಲು ಧ್ವನಿಮುದ್ರಣದ ಮುಂಚೆ ಹಾಗೇ ಕರೆಯಿರಿ. ಮೈಕು ಆನ್ ಆದ ಮೇಲೆ ಉಳಿದವರನ್ನು ಹುದ್ದೆಯಿಂದ ಕರೆಯುತ್ತಿದ್ದರೆ ಅವರನ್ನೂ “ಅಧ್ಯಕ್ಷರೇ” ಎಂದೇ ಕರೆಯಬೇಕು. “ಮಹಿಳಾ ಅಧ್ಯಕ್ಷೆ” ಎಂಬಲ್ಲಿ ಹೆಣ್ಣೆಂದು ಎರಡು ಸಲ ಹೇಳಿದಂತಾಯಿತು. ಅಧ್ಯಕ್ಷೆ ಅಥವಾ ಅಧ್ಯಕ್ಷರು ಸಾಕು. “ಇಂಥವರ ಶ್ರೀಮತಿಯವರು” ಎಂಬ ಪರಿಚಯ ಯಾವ ಕಾರಣಕ್ಕೂ ಬೇಡ. “ಗಂಡಸರನ್ನೂ ಮೀರಿಸುವಂತೆ ಕೆಲಸ ಮಾಡಿದರು” ಎಂಬ ಹೊಗಳಿಕೆಯಲ್ಲಿ ಅಳತೆಗೋಲು ಗಂಡಸಿನದು. ಅವರು ಮಾಡಿದ ಕೆಲಸ ಹೇಳಿ, ಅಳತೆ ಕೇಳುಗರೇ ಮಾಡುತ್ತಾರೆ.

ಅವರ ಆಡುಮಾತನ್ನು ಪುಸ್ತಕದ ಮಾತಿಗೆ ತಿದ್ದಬೇಡಿ. “ಮತ್ತೊಮ್ಮೆ ಶುದ್ಧವಾಗಿ ಹೇಳಿ” ಎಂದ ಕ್ಷಣದಿಂದ ಮಾತಿನ ಜೀವ ಹೋಗುತ್ತದೆ, ತಾನು ಮಾತಾಡಲು ಬಾರದವಳು ಎಂಬ ಅಳುಕೂ ಬರುತ್ತದೆ. ಅವರ ಮನೆಮಾತು ಲಂಬಾಣಿ, ತುಳು, ಉರ್ದು ಇದ್ದು ಅದರಲ್ಲೇ ಸಲೀಸಾದರೆ ಅದರಲ್ಲೇ ಮುದ್ರಿಸಿ. ಮೊದಲ ಎಂಟು–ಹತ್ತು ಸೆಕೆಂಡು ಅವರ ದನಿ ಒಂಟಿಯಾಗಿ ಕೇಳಲಿ, ನಂತರ ಅದನ್ನು ತಗ್ಗಿಸಿ ಕನ್ನಡ ಅನುವಾದ ಬರಲಿ, ಕೊನೆಯ ವಾಕ್ಯಕ್ಕೆ ಮತ್ತೆ ಅವರ ದನಿ ಮೇಲೇರಲಿ. ಅನುವಾದ ಓದುವವರೂ ಹೆಣ್ಣೇ ಆಗಿರಲಿ.

ದೌರ್ಜನ್ಯದ ವಿಷಯ ಬಂದಾಗ

ಇಲ್ಲಿ ಕಾನೂನು ಮೊದಲು, ಕುಶಲತೆ ಆಮೇಲೆ. ಅತ್ಯಾಚಾರಕ್ಕೆ ಗುರಿಯಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಕೆಲಸದ ಜಾಗದ ಕಿರುಕುಳದ ದೂರಿನಲ್ಲಿ 2013ರ ಕಾಯ್ದೆಯ 16ನೇ ಸೆಕ್ಷನ್ ಇದೇ ತಡೆ ಹಾಕುತ್ತವೆ. ಹೆಸರು ಬಿಟ್ಟರೆ ಸಾಲದು. ಹತ್ತು ಕಿಲೋಮೀಟರ್ ಸುತ್ತಲಿನ ಕೇಳುಗರಿಗೆ “ಶಾಲೆಯ ಹಿಂದಿನ ಬೀದಿ, ಅಂಗನವಾಡಿ ಸಹಾಯಕಿಯ ಮಗಳು” ಎಂದರೆ ಹೆಸರು ಹೇಳಿದಂತೆಯೇ. ದನಿಯೇ ಗುರುತು ಎಂಬುದನ್ನೂ ಮರೆಯಬೇಡಿ. ಕಂಪ್ಯೂಟರಿನಲ್ಲಿ ದನಿಯ ಶ್ರುತಿ ಬದಲಿಸಿದರೂ ಮಾತಿನ ವರಸೆಯಿಂದ ಊರಿನವರು ಹಿಡಿದುಬಿಡುತ್ತಾರೆ. ಅವರು ಹೇಳಿದ್ದನ್ನು ಬೇರೊಬ್ಬರಿಂದ ಓದಿಸುವುದೇ ಸುರಕ್ಷಿತ, ಓದುತ್ತಿರುವುದು ಬೇರೆಯವರು ಎಂದು ಪ್ರಸಾರದಲ್ಲಿ ಹೇಳಿಬಿಡಿ.

ಅಳು ಪ್ರಸಾರ ಮಾಡಬೇಡಿ. ಹಿಂದಿನಿಂದ ಶೋಕದ ಕೊಳಲು, ಪಿಟೀಲು ಹಾಕಲೂಬೇಡಿ. ಆ ಸಂಗೀತ ಕೇಳುಗರಲ್ಲಿ ಕನಿಕರ ಹುಟ್ಟಿಸಿ ಅಲ್ಲೇ ಮುಗಿಸುತ್ತದೆ. ಅದರ ಬದಲು ದೂರು ಕೊಡಲು ಎಷ್ಟು ಸಲ ಓಡಾಡಬೇಕಾಯಿತು, ಯಾವ ಕಾಗದ ಕೇಳಿದರು, ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಇದು ಚರ್ಚೆಗೆ ಬಂತೇ, ಎಂಬ ವಿವರ ತನ್ನಿ. ಸಹಾಯವಾಣಿ ಸಂಖ್ಯೆಗಳನ್ನು, ಅಂದರೆ ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112, ಕೊನೆಯಲ್ಲಿ ಗಡಿಬಿಡಿಯಿಂದ ಓದದೆ ಕಾರ್ಯಕ್ರಮದ ನಡುವೆ ಒಮ್ಮೆ, ಕೊನೆಗೆ ಒಮ್ಮೆ, ಅಂಕಿ ಬಿಡಿಬಿಡಿಯಾಗಿ ಎರಡೆರಡು ಸಲ ಹೇಳಿ: “ಒಂದು, ಎಂಟು, ಒಂದು.” ಪ್ರಸಾರದ ದಿನ ಬೆಳಿಗ್ಗೆ ಆ ಸಂಖ್ಯೆಗೆ ನೀವೇ ಕರೆ ಮಾಡಿ, ಎತ್ತುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಿ.

ತಜ್ಞರ ಪಟ್ಟಿಯನ್ನೂ ಬದಲಿಸಬೇಕು. ನೋವು ಹೇಳಲು ಹೆಂಗಸು, ಪರಿಹಾರ ಹೇಳಲು ಗಂಡಸು ಎಂಬ ಹಂಚಿಕೆ ನಮ್ಮ ಹೆಚ್ಚಿನ ಮಹಿಳಾ ಕಾರ್ಯಕ್ರಮಗಳಲ್ಲಿದೆ. ತಾಲ್ಲೂಕಿನ ವಕೀಲೆಯರು, ಎಂಜಿನಿಯರುಗಳು, ಕೃಷಿ ಅಧಿಕಾರಿಗಳು, ಸ್ವಸಹಾಯ ಸಂಘದ ಲೆಕ್ಕ ಬರೆಯುವವರು, ಮಾಜಿ ಅಧ್ಯಕ್ಷೆಯರು ಹೀಗೆ ಮೂವತ್ತು ಹೆಣ್ಣುಮಕ್ಕಳ ಹೆಸರು, ವಿಷಯ, ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ಬರೆದು ಸ್ಟುಡಿಯೊ ಗೋಡೆಗೆ ಅಂಟಿಸಿ. “ಹೆಂಗಸರು ಸಿಗಲ್ಲ” ಎಂಬ ಮಾತು ಹೆಚ್ಚಾಗಿ ಬರುವುದು ಪ್ರಸಾರದ ಹಿಂದಿನ ಸಂಜೆ ಹುಡುಕುವುದರಿಂದ. ನಾಲ್ಕು ದಿನ ಮುಂಚೆ ಕೇಳಿದರೆ ಸಿಗುತ್ತಾರೆ.

ಜೋಡಿಸುವಾಗ

28 ನಿಮಿಷದ ಕಾರ್ಯಕ್ರಮಕ್ಕೆ ಅಧ್ಯಕ್ಷೆಯ ದನಿ ಹನ್ನೆರಡು ನಿಮಿಷಕ್ಕೆ ಕಡಿಮೆಯಾಗದಿರಲಿ. ಶುರುವಿನ ಅರ್ಧ ನಿಮಿಷದೊಳಗೆ ಅವರ ಮಾತು ಬರಬೇಕು, ಅದೂ ಒಂದು ತೀರ್ಮಾನದ ಮಾತು. ಉದಾಹರಣೆಗೆ, “ಆ ಬಿಲ್ಲಿಗೆ ನಾ ಸಹಿ ಹಾಕಲ್ಲ ಅಂದೆ.” ಅದರ ಮೇಲೆ ಪರಿಚಯ ಬರಲಿ. ನಿರೂಪಣೆ ಒಟ್ಟು ಆರು ನಿಮಿಷ ದಾಟದಿರಲಿ. ನಿಮಿಷಕ್ಕೆ ಸುಮಾರು 100 ಪದ ಓದುತ್ತೀರಿ ಎಂದಾದರೆ ಸ್ಕ್ರಿಪ್ಟು 600 ಪದಕ್ಕೆ ನಿಲ್ಲಬೇಕು. ಪಿಡಿಒ ಮಾತು ಬೇಕಾದರೆ ಅಧ್ಯಕ್ಷೆಯ ಮಾತಿಗೆ ಪೂರಕವಾಗಿ ನಡುವೆ ಬರಲಿ. ಕೊನೆಯ ಮಾತು ಯಾರದೋ ಅವರದೇ ತೀರ್ಪು ಎಂದು ಕಿವಿ ನಂಬುತ್ತದೆ, ಹಾಗಾಗಿ ಕೊನೆಯ ದನಿ ಅಧಿಕಾರಿಯದ್ದಾಗಬಾರದು.

ತಡವರಿಕೆ ತೆಗೆಯುವಾಗ ಕೈ ಬಿಗಿಹಿಡಿಯಿರಿ. “ಅದೇನಂದ್ರೆ… ಮೊದಲು ನನಗೂ ಭಯ ಇತ್ತು…” ಎಂಬಲ್ಲಿನ ಎರಡು ಸೆಕೆಂಡಿನ ಮೌನ ಯೋಚನೆಯದು, ಅದು ಇರಲಿ. ಆದರೆ ಒಬ್ಬರ ತಡವರಿಕೆ ಬಿಟ್ಟು ಇನ್ನೊಬ್ಬರದನ್ನು ಶುದ್ಧ ಮಾಡಬೇಡಿ. ಅಧಿಕಾರಿಯ “ಆಂ… ಊಂ…” ಎಲ್ಲ ಕತ್ತರಿಸಿ ನಯ ಮಾಡಿ, ಅಧ್ಯಕ್ಷೆಯದನ್ನು “ಸಹಜವಾಗಿರಲಿ” ಎಂದು ಬಿಟ್ಟರೆ ಒಬ್ಬರು ಬಲ್ಲವರಾಗಿ, ಒಬ್ಬರು ಅರಿಯದವರಾಗಿ ಕೇಳಿಸುತ್ತಾರೆ. “ಈ ವರ್ಷ ಮಾತ್ರ”, “ಆ ವಾರ್ಡಿನಲ್ಲಿ” ಎಂಬಂಥ ಷರತ್ತಿನ ಮಾತು ಕತ್ತರಿಗೆ ಸಿಕ್ಕಿದರೆ ಅವರು ಕೊಡದ ಭರವಸೆ ಕೊಟ್ಟಂತಾಗಿ ನಾಳೆ ಸಭೆಯಲ್ಲಿ ಅವರಿಗೆ ಕುತ್ತು. ಪ್ರಸಾರಕ್ಕೆ ಮುಂಚೆ ಅಂಕಿ, ಹೆಸರು, ದಿನಾಂಕಗಳನ್ನು ಅವರಿಗೆ ಓದಿ ಹೇಳಿ ಖಚಿತಪಡಿಸಿಕೊಳ್ಳಿ.

ಪ್ರಸಾರದ ವೇಳೆಯನ್ನು ನೀವೇ ಊಹಿಸಬೇಡಿ. ಹತ್ತು ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಕೈ ಕೆಲಸದಲ್ಲಿದ್ದು ಕಿವಿ ಬಿಡುವಾಗಿರುವ ಹೊತ್ತು ಯಾವುದು ಎಂದು. ಗಂಡಸರೂ ಕೇಳುವ ಹೊತ್ತಿನಲ್ಲಿ ಒಂದು ಮರುಪ್ರಸಾರ ಇರಲೇಬೇಕು. ಅಧ್ಯಕ್ಷೆಯ ಆಡಳಿತ ಇಡೀ ಊರಿನ ವಿಷಯ, ಅದನ್ನು ಮಧ್ಯಾಹ್ನದ ಮಹಿಳಾ ವಿಭಾಗಕ್ಕೆ ಮಾತ್ರ ಕಟ್ಟಿಹಾಕಿದರೆ ಅರ್ಧ ಊರಿಗೆ ಅದು ಕೇಳಿಸುವುದೇ ಇಲ್ಲ.

ಫೋನ್‌ಇನ್ ಇಟ್ಟುಕೊಂಡರೆ ಕರೆಗಳನ್ನು ಬಂದ ಸಾಲಿನಲ್ಲೇ ತೆಗೆದುಕೊಂಡರೆ ಮೊದಲ ಐದೂ ಗಂಡಸರವೇ ಆಗುವುದುಂಟು. ಒಂದು ಸಂಖ್ಯೆಯನ್ನು ಹೆಣ್ಣುಮಕ್ಕಳಿಗೆಂದೇ ಮೀಸಲಿಡಿ, ಮಿಸ್ಡ್ ಕಾಲ್ ಕೊಟ್ಟರೆ ಕೇಂದ್ರದಿಂದಲೇ ವಾಪಸ್ ಕರೆ ಹೋಗಲಿ. ಕರೆನ್ಸಿ ಇಲ್ಲದವರೂ ಮಾತಾಡುತ್ತಾರೆ.

ನಿಯಮದ ಎರಡು ಮಾತು. ಸಮುದಾಯ ರೇಡಿಯೊಗೆ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು ಅಷ್ಟೇ. ಅಧ್ಯಕ್ಷೆಯ ಕಾರ್ಯಕ್ರಮ ನೀರು, ಕಸ, ತೆರಿಗೆ, ಗ್ರಾಮಸಭೆಯ ಸುತ್ತ ಇರಲಿ, ಪಕ್ಷ ರಾಜಕೀಯದ ಚರ್ಚೆಯಾಗದಿರಲಿ. ಚುನಾವಣಾ ನೀತಿ ಸಂಹಿತೆ ಬಂದ ದಿನವೇ, ಮತ್ತೆ ನಿಲ್ಲಬಹುದಾದವರ ದನಿಯಿರುವ ಎಲ್ಲ ಮರುಪ್ರಸಾರಗಳನ್ನು ವೇಳಾಪಟ್ಟಿಯಿಂದ ತೆಗೆಯಿರಿ. ತಾನಾಗಿ ಓಡುವ ಪ್ಲೇಲಿಸ್ಟಿನಲ್ಲಿ ಹಳೆಯ ಫೈಲು ಉಳಿದುಕೊಂಡು ತೊಂದರೆಯಾಗುತ್ತದೆ, ಅದನ್ನು ಕೈಯಾರೆ ನೋಡಿ. 2024ರ ಮಾರ್ಗಸೂಚಿ ಕೇಂದ್ರದ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಅರ್ಧ ಸದಸ್ಯರು ಮಹಿಳೆಯರಾಗಿರಬೇಕು ಎನ್ನುತ್ತದೆ. ನಿಮ್ಮ ಸಮಿತಿಯ ಹಾಜರಿ ಪುಸ್ತಕ ತೆಗೆದು ಅರ್ಧ ಇದೆಯೇ, ಇದ್ದವರು ಸಭೆಯಲ್ಲಿ ಮಾತಾಡಿದ್ದು ಬರಹದಲ್ಲಿದೆಯೇ ಎಂದು ನೋಡಿ.

ದಲಿತ ಹೆಣ್ಣುಮಕ್ಕಳೇ 2008ರಿಂದ ನಡೆಸುತ್ತ ಬಂದ ತೆಲಂಗಾಣದ ಸಂಘಂ ರೇಡಿಯೊ, ಪರವಾನಗಿ ಸಿಗುವ ಕಾಲಕ್ಕೆ ಮೊದಲೇ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದ ಕೋಲಾರ ಜಿಲ್ಲೆ ಬೂದಿಕೋಟೆಯ ನಮ್ಮ ಧ್ವನಿ, ಎರಡೂ ಕಡೆ ಯಂತ್ರದ ಗುಂಡಿಗಳ ಮೇಲೂ ಹೆಣ್ಣುಮಕ್ಕಳ ಕೈ ಇತ್ತು. ನಿಮ್ಮಲ್ಲಿ ಮಿಕ್ಸರ್ (ದನಿಗಳನ್ನು ಬೆರೆಸಿ ಹೊಂದಿಸುವ ಯಂತ್ರ) ಮುಂದೆ ಕೂರುವವರು ಯಾರು? ಆರು ವಾರಕ್ಕೊಮ್ಮೆ ಮೊದಲಿನ ಎಣಿಕೆಯನ್ನೇ ಮತ್ತೆ ಮಾಡುವಾಗ ಆ ಕಾಲಂ ಒಂದನ್ನೂ ಸೇರಿಸಿಕೊಳ್ಳಿ: ಮೈಕಿನ ಹಿಂದಿನವರು, ಮಿಕ್ಸರಿನ ಮುಂದಿನವರು, ಕತ್ತರಿ ಹಿಡಿದವರು.